ಮಗ್ಗದ ಕುಣಿ, ಒಂದಕ್ಕೆ ಐವತ್ತು

ಹಾಳೆಯ ಬಲತುದಿಗೊಂದು ಪುಟ್ಟ ಚೌಕ, ಮೂರು ಮನೆ:
ಬರೆದವರು, ನೋಡಿದವರು, ಒಪ್ಪಿದವರು.
ನಾನು ಬಂದು ಮೂರು ತಿಂಗಳಾದರೂ
ಮೂರೂ ಮನೆಗಳಲ್ಲಿ
ಕುಂದರಗಿ ಸರ್ ಒಬ್ಬರದೇ ವಾಸ.

ಗೆರೆ ನನ್ನದು. ಗೆರೆಯ ದಪ್ಪ ಅವರದು.
ನವನಗರದ ಈ ಆಫೀಸಿನಲ್ಲಿ
ನಾನು ಬಚ್ಚಲುಗಳ ಒಡತಿ:
ಹನ್ನೊಂದು ಬಚ್ಚಲು, ನಾಲ್ಕು ಜಿನೆ,
ಒಂದು ಕಲ್ಯಾಣಮಂಟಪದ ಚಪ್ಪಲಿ ಬಿಡುವ ಜಾಗ.
ಬೆಳಗಾವಿಯ ಕಾಲೇಜಿನಲ್ಲಾದರೆ
ಮ್ಯೂಸಿಯಂ ಕಟ್ಟಿದವಳು ನಾನು, ಥರ್ಮಾಕೋಲಿನಲ್ಲಿ;
ಫ್ಯಾನಿನ ಗಾಳಿಗೆ ಸೂರು ಹಾರಿದಾಗ
ಜ್ಯೂರಿಯವರು, ಹಗುರತನ ಚೆನ್ನಾಗಿ ಬಂದಿದೆ, ಅಂದಿದ್ದರು.

ಏನು ಕಲಿತೆ ಅಂತ ಅಮ್ಮಿ ಫೋನಿನಲ್ಲಿ ಕೇಳಿದರೆ
ಇಳಿಜಾರು, ಅಂದೆ. ಸುಳ್ಳಲ್ಲ.
ನೀರು ತಾನಾಗಿ ಹೊರಗೆ ಹೋಗಬೇಕಾದರೆ
ನೆಲ ಎಷ್ಟು ಬಾಗಬೇಕು, ಅಷ್ಟು ಗೊತ್ತಾಗಿತ್ತು.

ಆಮೇಲೊಂದು ಮಂಗಳವಾರ, ಗುಳೇದಗುಡ್ಡದ ಬಸ್ಸು.
ಶಂಕ್ರವ್ವನ ಮನಿ ಅಳದು ಬಾ,
ಮಗ ಸಾಲ ಮಂಜೂರು ಮಾಡಿಸ್ಯಾನ,
ಮ್ಯಾಲೆ ಎರಡು ಖೋಲಿ, ಕೆಳಗ ಟೈಲ್ಸು.

ಕೆಂಪು ಕಲ್ಲಿನ ಗೋಡೆ.
ಟೇಪು ಆ ತುದಿಗೆ ಒಂದು ಹೇಳಿತು, ಈ ತುದಿಗೆ ಇನ್ನೊಂದು.
ಯಾವ ಮೂಲೆಯೂ ಮೂಲೆಮಟ್ಟದ ಮಾತು ಕೇಳಲಿಲ್ಲ.
ನಡುಮನೆಯ ನೆಲದಲ್ಲಿ ಕುಣಿ,
ಕುಣಿಯೊಳಗೆ ಕಾಲಿಳಿಬಿಟ್ಟು ಶಂಕ್ರವ್ವ
ಖಣ ನೇಯುತ್ತಿದ್ದಳು.
ತಲೆ ಎತ್ತಲಿಲ್ಲ. ಲಾಳಿ ಮಾತ್ರ
ಆಚೆ ಹೋಗಿ ಈಚೆ ಬಂದು ನನ್ನನ್ನು ನೋಡಿತು.

ಅಳೆದೆ. ಉದ್ದ, ಅಗಲ, ಆಳ.
ಆಫೀಸಿಗೆ ಬಂದು ಬರೆದೆ:
'ಗುಂಡಿ. ಮೊರಮು ತುಂಬಿ ದಮ್ಮಸ್ಸು ಮಾಡುವುದು.'
ಸಪಾಟು ನೆಲ, ಎರಡಡಿ ಟೈಲ್ಸು,
ಒಂದನ್ನೂ ಕತ್ತರಿಸದೆ ಗೋಡೆಯಿಂದ ಗೋಡೆಗೆ ಕೂಡಿದವು.
ಅವತ್ತು ಮೆಸ್ಸಿನಲ್ಲಿ ಎರಡು ರೊಟ್ಟಿ ಹೆಚ್ಚು ತಿಂದೆ.

ಮುಂದಿನ ವಾರ ಹಾಳೆ ಹಾಸಿ ತೋರಿಸಿದೆ.
ಮಗ ತಲೆಯಾಡಿಸಿದ.
ಶಂಕ್ರವ್ವ ಎದ್ದು ಬಂದು, ಸೆರಗು ಸಿಕ್ಕಿಸಿ,
ಹಾಳೆಯ ಮೇಲೆ ಕೂತೇಬಿಟ್ಟಳು,
ನಾನು ಬರೆದ ನಡುಮನೆಯ ನಟ್ಟನಡುವೆ.
"ಕುಂತೆ ನೋಡು. ಈಗ ಹೇಳ ತಂಗಿ,
ಕಾಲೆಲ್ಲಿ ಇಡ್ಲಿ?"

ಕುರ್ಚಿ ತರ್ತೇನ್ಬೇ, ಅಂದ ಮಗ.
ನಾನು ಏನೂ ಅನ್ನಲಿಲ್ಲ.
ಇಳಿ, ಅಂದಳು ನನಗೆ. ಇಳಿದೆ.

ಒಳಗೆ ತಂಪು.
ಮೊಣಕಾಲು ಮಡಚುವಲ್ಲಿ ಕಲ್ಲಿನ ಅಂಚು
ಸವೆದು ಬಟ್ಟಲಾಗಿತ್ತು,
ಈಕೆಗಿಂತ ಮೊದಲು ಅತ್ತೆ, ಅತ್ತೆಗಿಂತ ಮೊದಲು ಯಾರೋ.
ಟೇಪು ಇಪ್ಪತ್ತೆರಡು ಇಂಚು ಅಂದಿತ್ತು.
ನನ್ನ ಪಾದಕ್ಕೆ ಕಾಲುಮಣೆ ಸಿಗಲು
ಇನ್ನೊಂದು ಬೆರಳು ಬೇಕಾಯಿತು.
"ನೀ ಗಿಡ್ಡಿ," ಅಂದಳು, ಲೆಕ್ಕ ಮುಗಿಸಿದವಳಂತೆ.

ರಾತ್ರಿ ಗುಂಡಿ ಅಳಿಸಿ ಕುಣಿ ಎಂದು ಬರೆದೆ.
ಜಿನೆ ಪಡಸಾಲೆಗೆ ಸರಿಯಿತು,
ಕಿಟಕಿ ಲಾಳಿಯ ಎತ್ತರಕ್ಕೆ ಇಳಿಯಿತು.
ಒಂಬತ್ತು ಟೈಲ್ಸು ಕತ್ತರಿಸಬೇಕು.

ಕುಂದರಗಿ ಸರ್ ಚಾ ಹೀರುತ್ತ ನೋಡಿದರು.
ಕೆಂಪು ಪೆನ್ನು ಎರಡು ಸಲ ಇಳಿಯಿತು:
ಒಮ್ಮೆ ಕಾಲಮ್ಮು ಸರಿಸಲು (ಅವರೇ ಸರಿ),
ಒಮ್ಮೆ ಕಾಗುಣಿತಕ್ಕೆ (ಅಲ್ಲೂ ಅವರೇ).
"ಕುಣಿ ಯಾಕ ಉಳಸೀದಿ?"
"ಕಾಲಿಡಾಕ್ರೀ."
ಪೆನ್ನಿಗೆ ಟೊಪ್ಪಿಗೆ ಹಾಕಿದರು.

ಮೊದಲ ಮನೆ ಖಾಲಿ ಬಿಟ್ಟಿದ್ದರು.
ಸ.ಕ. ಎಂದು ಬರೆದೆ. ಯಾರೋ ಸತ್ತವರ ಹೆಸರಿನಂತೆ ಕಂಡಿತು.
ಅಳಿಸಿ ಪೂರ್ತಿ ಬರೆದೆ, ಸಬಿಹಾ ಕಲಾದಗಿ.
ಮನೆ ಸಾಲಲಿಲ್ಲ;
'ಗಿ' ಗೋಡೆ ದಾಟಿ ಪಕ್ಕದ ಮನೆಗೆ ಕಾಲು ಚಾಚಿತು.
ಸರ್ ಅದನ್ನು ತಿದ್ದಲಿಲ್ಲ.

ಕೊನೆಯ ದಿನದ ಪ್ರಮಾಣಪತ್ರದಲ್ಲಿ
ನಡತೆ ತೃಪ್ತಿಕರ ಎಂದಿದೆ. ಅಷ್ಟೇ ಇದೆ.

ಈಗ ಬೆಳಗಾವಿ, ಕೊನೆಯ ವರ್ಷ.
ಸಾಲದ ಕಂತು ಬಂದಿಲ್ಲ, ಮನೆ ಎದ್ದಿಲ್ಲ
ಅಂತ ಶಂಕ್ರವ್ವನ ಮಗನ ಮೆಸೇಜು.
ಕೆಳಗೊಂದು ಫೋಟೊ:
ಕುಣಿಯ ಅಂಚಿನಲ್ಲಿ, ನೂಲಿನ ಉಂಡೆಯ ಪಕ್ಕ,
ನಾನು ಮರೆತು ಬಂದ ಟೇಪು.
"ಅವ್ವ ಕೇಳಾಕತ್ತಾಳ್ರಿ, ಇದು ಬೇಕೇನು?"